ಕಲ್ಲುಬೆಂಚಿನ ತೀರ್ಪುಗಾರರು

ಹಲಸೂರು ಕೆರೆಯ ದಂಡೆಯಲ್ಲಿ ಬೆಳಗಿನ ನಡಿಗೆ ಮುಗಿಸಿ ನಾವು ನಾಲ್ವರು ಕೂರುವ ಕಲ್ಲುಬೆಂಚು ಒಂದಿದೆ. ನಡಿಗೆ ವೈದ್ಯರ ಮಾತಿಗಾಗಿ, ಬೆಂಚು ನಮಗಾಗಿ. ನಾಲ್ವರಲ್ಲಿ ಒಬ್ಬರು ವಿಮಾ ಕಚೇರಿಯಿಂದ ನಿವೃತ್ತರಾದ ಅಧಿಕಾರಿ. ಅವರನ್ನು ನಾವೆಲ್ಲ ಸಾರ್ ಎನ್ನುತ್ತೇವೆ. ಇನ್ನೊಬ್ಬರು ಮರ್ಫಿ ಟೌನಿನಲ್ಲಿ ರವಿಕೆ ಹೊಲಿಯುವ ಅಕ್ಕ. ಮೂರನೆಯವರು ಶಿವಾಜಿನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಭಾಯಿ. ಇಪ್ಪತ್ತೆರಡು ವರ್ಷ ಕನ್ನಡ ಪಾಠ ಹೇಳಿ ಶಾಲೆಯನ್ನು ಬಿಟ್ಟ ನಾನು ಇವರಿಗೆಲ್ಲ ಇಂದಿಗೂ ಮಿಸ್.

ಬೆಂಚಿನ ಮೇಲೆ ಒಂದು ಪದ್ಧತಿ ತಾನಾಗಿ ಬೆಳೆದಿತ್ತು. ಸಾರ್ ತಂತ್ರಜ್ಞಾನದ ಸುದ್ದಿಗಳನ್ನು ಮನೆಯಲ್ಲೇ ಫೋನಿನಲ್ಲಿ ಓದಿಕೊಂಡು ಬರುತ್ತಿದ್ದರು. ಪಾಲಿಸಿ ರದ್ದಾದ ವಿಷಯವನ್ನು ಗ್ರಾಹಕನಿಗೆ ತಿಳಿಸುವ ಗಾಂಭೀರ್ಯದಿಂದ ಅವುಗಳಲ್ಲಿ ಒಂದನ್ನು ಹೇಳುತ್ತಿದ್ದರು. ಆಮೇಲೆ ಅಕ್ಕ ಒಂದು ಪ್ರಶ್ನೆ ಕೇಳುತ್ತಿದ್ದರು. ಸುದ್ದಿ ಯಾವುದೇ ಇರಲಿ, ಪ್ರಶ್ನೆ ಒಂದೇ: ಚಾರ್ಜು ಎಷ್ಟು ಹೊತ್ತು ನಿಲ್ಲುತ್ತದೆ? ಕೊನೆಯಲ್ಲಿ ಭಾಯಿ ತೀರ್ಪು ಕೊಡುತ್ತಿದ್ದರು. ತೀರ್ಪು ಎರಡು ಮೂರು ವಾಕ್ಯ, ಹೆಚ್ಚೆಂದರೆ ನಾಲ್ಕು. ಅದಾದ ಮೇಲೆ ಆ ಸುದ್ದಿಯ ಬಗ್ಗೆ ಮತ್ತೆ ಮಾತಿಲ್ಲ.

ಚಾಲಕನಿಲ್ಲದೆ ಓಡುವ ಕಾರು ಬಂದಿದೆ ಎಂದು ಸಾರ್ ಹೇಳಿದ ದಿನ, ಅದನ್ನು ಒಮ್ಮೆ ಶಿವಾಜಿನಗರದ ಬಸ್ ನಿಲ್ದಾಣದ ಬಳಿ ಬಿಟ್ಟು ನೋಡಬೇಕೆಂದು ಭಾಯಿ ಹೇಳಿದರು; ಐದು ನಿಮಿಷವಾದ ಮೇಲೆ ಕಾರೇ ಇಳಿದು ನಡೆದುಕೊಂಡು ಹೋಗುತ್ತದಂತೆ. ಕ್ಯಾಮೆರಾ ಅಡಗಿಸಿಟ್ಟ ಕನ್ನಡಕದ ಸುದ್ದಿ ಬಂದಾಗ ಅವರು ತಮ್ಮ ವ್ಯಾಪಾರದ ಪರವಾಗಿ ನೊಂದುಕೊಂಡರು: ಇಷ್ಟು ದಿನ ಜನ ನೋಡುವುದಕ್ಕೆಂದು ಕನ್ನಡಕ ಕೊಳ್ಳುತ್ತಿದ್ದರು, ಇನ್ನು ಮೇಲೆ ಕನ್ನಡಕವೇ ಜನರನ್ನು ಕೊಂಡು ನೋಡುತ್ತದೆ. ಬ್ಯಾಂಕಿನ ಜಾಲತಾಣವೊಂದು ನೀನು ಯಂತ್ರವಲ್ಲವೆಂದು ಸಾಬೀತು ಮಾಡು, ಟ್ರಾಫಿಕ್ ದೀಪವಿರುವ ಚಿತ್ರಗಳನ್ನು ಆರಿಸು ಎಂದು ಅವರನ್ನು ಮೂರು ಸಲ ಪರೀಕ್ಷಿಸಿದ ಮಾರನೆಯ ದಿನ ಅವರು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

"ನೀನು ಮನುಷ್ಯನಾ ಅಂತ ನಮ್ಮ ಮಾವನೂ ಕೇಳಿದ್ರು ಮಿಸ್, ಮದುವೆಗೆ ಮುಂಚೆ. ಆದ್ರೆ ಹೆಣ್ಣು ಕೊಟ್ರು. ಇದು ಬ್ಯಾಲೆನ್ಸೂ ತೋರಿಸ್ಲಿಲ್ಲ."

ಆ ಮಾತುಗಳ ಅರ್ಧ ಸೊಗಸು ಧ್ವನಿಯಲ್ಲಿತ್ತು. ದಪ್ಪನೆಯ, ಸ್ವಲ್ಪ ಒರಟಾದ ಧ್ವನಿ. ಕೊನೆಯ ವಾಕ್ಯಕ್ಕೆ ಮೊದಲು ಅವರು ತಮ್ಮ ಕನ್ನಡಕವನ್ನು ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಿದ್ದರು. ನಾವು ಕಾಯುತ್ತಿದ್ದೆವು. ಕನ್ನಡಕ ಮೂಗಿನ ಮೇಲೆ ಮರಳಿ ಕೂತ ಮೇಲೆಯೇ ವಾಕ್ಯ ಹೊರಗೆ ಬರುತ್ತಿತ್ತು.

ನಾಲ್ವರಿಗೂ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿದಾಗ ಅದರ ಮೇಲ್ವಿಚಾರಣೆ ನನ್ನ ಪಾಲಿಗೆ ಬಂತು. ನಾನು ಮೊದಲ ದಿನವೇ ನಿಯಮಗಳನ್ನು ಬರೆದು ಹಾಕಿದೆ. ಹೂವಿನ ಚಿತ್ರದ ಶುಭೋದಯಗಳು ಬೇಡ. ಎಲ್ಲಿಂದಲೋ ಬಂದದ್ದನ್ನು ಮುಂದಕ್ಕೆ ತಳ್ಳುವುದು ಬೇಡ. ಧ್ವನಿಸಂದೇಶ ಸರ್ವಥಾ ಬೇಡ, ಹೇಳಬೇಕಾದುದನ್ನು ಬರೆಯಿರಿ. ಕೊನೆಯ ನಿಯಮಕ್ಕೆ ಕಾರಣ ಸಾರ್. ಫೋನಿನ ಬ್ಯಾಟರಿಗಳು ಸಿಡಿಯುವ ವಿಚಾರವಾಗಿ ಅವರು ಅದಕ್ಕೂ ಮುಂಚೆ ನನಗೆ ಕಳಿಸಿದ್ದ ಒಂಬತ್ತು ನಿಮಿಷದ ಭಾಷಣವನ್ನು ಕೇಳುತ್ತ ಕೂತು ನಾನು ಹಾಲು ಉಕ್ಕಿಸಿದ್ದೆ. ಆದರೆ ನಿಯಮದಿಂದ ತೊಂದರೆಯಾದದ್ದು ಭಾಯಿಗೆ. ಅವರು ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡವನ್ನು ಸರಾಗವಾಗಿ ಮಾತನಾಡುತ್ತಿದ್ದರು, ನಿಧಾನವಾಗಿ ಓದುತ್ತಿದ್ದರು, ಬರೆಯುವುದೆಂದರೆ ಹಿಂಜರಿಯುತ್ತಿದ್ದರು. ಬೆಂಚಿಗೆ ಬರಲಾಗದ ದಿನ ಅವರು ಅಂಗಡಿಯ ಬಾಗಿಲು ತೆಗೆಯುತ್ತ, ಷಟರಿನ ಸದ್ದಿನ ನಡುವೆಯೇ, ಆ ದಿನದ ತೀರ್ಪನ್ನು ನುಡಿದು ಕಳಿಸುತ್ತಿದ್ದರು. ಕೇಳಿ ನಗುತ್ತಿದ್ದೆ. ನಕ್ಕ ಮೇಲೆ, ನಿಯಮ ಎಲ್ಲರಿಗೂ ಒಂದೇ ಎಂದುಕೊಂಡು, ಎಲ್ಲರ ಫೋನಿನಿಂದಲೂ ಅದನ್ನು ಅಳಿಸುತ್ತಿದ್ದೆ. ಮೇಲ್ವಿಚಾರಕರಿಗೆ ಆ ಅಧಿಕಾರವಿದೆ.

ಕೆಲವು ತಿಂಗಳ ನಂತರ ಭಾಯಿ ಬರೆಯತೊಡಗಿದರು. ಮಿಸ್ ಹೇಳಿದ ಮೇಲೆ ಬೇರೆ ದಾರಿಯಿಲ್ಲ ಎಂದು ಬೆಂಚಿನ ಮೇಲೆ ಕೈಮುಗಿದು ತೋರಿಸಿದರು. ನನಗೆ ಹೆಮ್ಮೆಯಾಯಿತು. ಐವತ್ತೆಂಟರ ವಯಸ್ಸಿನಲ್ಲಿ ಒಬ್ಬರು ಕನ್ನಡ ಬರೆಯಲು ಕಲಿತರೆಂದು ಮನೆಯಲ್ಲಿ ಹೇಳಿಕೊಂಡೆ.

ಹೋದ ವರ್ಷ ಅವರ ಗಂಟಲು ಕಟ್ಟಿತು. ಧೂಳೆಂದರು, ಆಮೇಲೆ ಶೀತವೆಂದರು. ಎರಡು ತಿಂಗಳಾದರೂ ಬಿಡದಿದ್ದಾಗ ಅವರ ಹೆಂಡತಿ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದರು. ಪರೀಕ್ಷೆಗಳಾದವು, ಗಂಟಲಿನಲ್ಲಿ ಗಡ್ಡೆಯೆಂದು ತಿಳಿಯಿತು. ಧ್ವನಿಯನ್ನು ಉಳಿಸಬಹುದೆಂಬ ಆಸೆ ಶಸ್ತ್ರಚಿಕಿತ್ಸೆಯ ಹಿಂದಿನ ದಿನದವರೆಗೂ ಇತ್ತು. ಅದರಿಂದಾಗಿ, ಕಳೆದುಹೋಗಲಿರುವುದನ್ನು ಒಂದಿಷ್ಟು ಎತ್ತಿಡಬೇಕೆಂದು ಯಾರಿಗೂ ತೋಚಲಿಲ್ಲ. ಧ್ವನಿಪೆಟ್ಟಿಗೆಯನ್ನು ತೆಗೆಯಬೇಕಾಯಿತು. ಜೀವ ಉಳಿಯಿತು, ಮಾತು ಹೋಯಿತು.

ಅವರು ಗುಣವಾಗಿ ಅಂಗಡಿಗೆ ಹೋಗತೊಡಗಿದರು, ಬೆಂಚಿಗೆ ಮಾತ್ರ ಬರಲಿಲ್ಲ. ಸಾರ್ ಹೋಗಿ ಕರೆದರು. ಅಕ್ಕ ಹೋಗಿ ಬೈದರು. ಮಾತನಾಡದವನು ಬೆಂಚಿನಲ್ಲಿ ಕೂತರೆ ಮೂವರು ತಮ್ಮ ಮಾತಿಗೂ ನಾಚಿಕೊಳ್ಳುತ್ತಾರೆ ಎಂದು ಭಾಯಿ ಇಬ್ಬರಿಗೂ ಬರೆದು ತೋರಿಸಿದರಂತೆ. ಕುತ್ತಿಗೆಗೆ ಒತ್ತಿ ಹಿಡಿದು ಮಾತು ಹೊರಡಿಸುವ ಒಂದು ಉಪಕರಣವನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಮಿಕ್ಸಿ ಮಾತನಾಡಿದಂತೆ ಕೇಳುತ್ತದೆ ಎಂದು ಅದನ್ನು ಬೀರುವಿನಲ್ಲಿ ಇಟ್ಟುಬಿಟ್ಟಿದ್ದರು.

ಅಂಥ ದಿನಗಳಲ್ಲಿ ಸಾರ್ ಒಂದು ಸುದ್ದಿ ತಂದರು. ಒಬ್ಬರ ಮಾತು ಕೆಲವೇ ನಿಮಿಷ ಸ್ಪಷ್ಟವಾಗಿ ಧ್ವನಿಮುದ್ರಣವಾಗಿದ್ದರೆ ಸಾಕು, ಅವರು ಬರೆದುದನ್ನೆಲ್ಲ ಫೋನು ಅವರದೇ ಧ್ವನಿಯಲ್ಲಿ ಓದಿ ಹೇಳುತ್ತದೆ. ಅಕ್ಕ ಅಂದು ಚಾರ್ಜಿನ ಪ್ರಶ್ನೆ ಕೇಳಲಿಲ್ಲ.

ಸಾರ್ ಆ ಸುದ್ದಿಯನ್ನು ಭಾಯಿಯ ಹೆಂಡತಿಗೂ ತಿಳಿಸಿದ್ದರು. ಅವರು ಅದೇ ವಾರ ನನ್ನ ಮನೆಗೆ ಬಂದರು. ಮನೆಯ ವಿಡಿಯೋಗಳನ್ನೆಲ್ಲ ನೋಡಿದ್ದಾಗಿತ್ತು. ಮದುವೆಗಳ ವಿಡಿಯೋದಲ್ಲಿ ಮಾತಿನ ಮೇಲೆಲ್ಲ ಹಾಡು ಹಾಕಿಸಿದ್ದರು. ಉಳಿದ ಕಡೆ ಫೋನು ಹಿಡಿದವರು ಯಾವಾಗಲೂ ಭಾಯಿಯೇ. ಅವರ ಧ್ವನಿಯಲ್ಲಿ ಸಿಕ್ಕಿದ್ದು "ಇಲ್ಲಿ ನೋಡಿ, ಇಲ್ಲಿ ನೋಡಿ" ಎಂಬ ಎರಡು ಶಬ್ದ ಮಾತ್ರ.

"ನಿಮ್ಮ ಗ್ರೂಪಿಗೆ ಅಂಗಡಿ ತೆಗೀತಾ ಮಾತಾಡಿ ಕಳಿಸ್ತಿದ್ರಲ್ಲ ಮಿಸ್" ಎಂದರು. "ಅದು ನಿಮ್ಮತ್ರ ಇರುತ್ತೆ ಅಂತ ಬಂದೆ. ನೀವು ಎಲ್ಲಾನೂ ಜೋಪಾನ ಮಾಡೋರು. ಅದು ಸಿಕ್ರೆ ಅವ್ರು ಮತ್ತೆ ಬೆಂಚಿಗೆ ಬರ್ತಾರೆ. ಮನೇಲಿ ಗೋಡೆ ನೋಡ್ಕೊಂಡು ಕೂತಿರ್ತಾರೆ."

ಹುಡುಕಿ ನೋಡುತ್ತೇನೆಂದೆ. ಉತ್ತರ ಗೊತ್ತಿದ್ದೂ ಹಾಗೆಂದೆ. ಅವರು ಹೋದ ಮೇಲೆ ಗುಂಪನ್ನು ತೆರೆದು ಹಿಂದಕ್ಕೆ, ಮೊದಲ ತಿಂಗಳುಗಳವರೆಗೆ ಸರಿಸುತ್ತ ಹೋದೆ. ಭಾಯಿಯ ಹೆಸರಿನ ಕೆಳಗೆ ಸಾಲುಸಾಲಾಗಿ ಒಂದೇ ಒಕ್ಕಣೆ: ಈ ಸಂದೇಶವನ್ನು ಮೇಲ್ವಿಚಾರಕರು ಅಳಿಸಿದ್ದಾರೆ. ಕೆಲವು ಸಾಲುಗಳ ಕೆಳಗೆ ಅಕ್ಕನ ನಗುಮುಖದ ಚಿತ್ರ ಉಳಿದಿತ್ತು. ಯಾವ ಮಾತಿಗೆ ನಕ್ಕಿದ್ದರೆಂದು ತಿಳಿಯುವ ಬಗೆಯಿರಲಿಲ್ಲ. ಮಾರನೆಯ ದಿನ ಸಾರ್ ಅವರ ಫೋನನ್ನೂ ಅಕ್ಕನ ಫೋನನ್ನೂ ಒಳಗೆಲ್ಲ ಜಾಲಾಡಿದೆವು. ನಾನು ನನ್ನ ಕೆಲಸವನ್ನು ಯಾವಾಗಲೂ ಪೂರ್ತಿಯಾಗಿ ಮಾಡುತ್ತೇನೆ, ಏನೂ ಉಳಿದಿರಲಿಲ್ಲ.

ಫೋನಿನಲ್ಲಿ ಬರೆದು ತಿಳಿಸುವ ವಿಷಯ ಅದಲ್ಲವೆಂದು ತೋರಿತು. ಮಧ್ಯಾಹ್ನ ಅಂಗಡಿಗೆ ಹೋದೆ. ಗಂಡಹೆಂಡತಿ ಇಬ್ಬರೂ ಇದ್ದರು. ಮಾತು ಹೋದಂದಿನಿಂದ ಗಿರಾಕಿಗಳೊಂದಿಗೆ ಮಾತನಾಡುವುದು ಆಕೆಯ ಕೆಲಸವಾಗಿತ್ತು. ಭಾಯಿ ಕುತ್ತಿಗೆಗೆ ಬಿಳಿಯ ಬಟ್ಟೆ ಕಟ್ಟಿಕೊಂಡು, ಯಾರದೋ ಕನ್ನಡಕದ ತಿರುಪು ಬಿಗಿಯುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಅವೆಲ್ಲ ನನ್ನಲ್ಲಿದ್ದವು, ನಾನೇ ಅಳಿಸಿದೆ, ಪ್ರತಿಯೊಂದನ್ನೂ ಕೇಳಿ ನಕ್ಕ ಮೇಲೆ ಅಳಿಸಿದೆ. ಕ್ಷಮಿಸಿ ಎಂಬ ಶಬ್ದವನ್ನು ಸಾವಿರಾರು ಮಕ್ಕಳಿಂದ ಹೇಳಿಸಿದ್ದೇನೆ. ಅದು ಬಾಯಿಂದ ಹೊರಡುವುದು ಎಷ್ಟು ಕಷ್ಟವೆಂದು ಆ ದಿನ ತಿಳಿಯಿತು.

ಆಕೆ ಗಾಜಿನ ಕಪಾಟನ್ನು ಒರೆಸತೊಡಗಿದರು. ಭಾಯಿ ಕೈಯಲ್ಲಿದ್ದ ಕನ್ನಡಕವನ್ನು ಕೆಳಗಿಟ್ಟರು. ಆಮೇಲೆ ಅವರ ಭುಜಗಳು ಕುಲುಕತೊಡಗಿದವು. ಅಳುತ್ತಿದ್ದಾರೆಂದು ನಾನು ಹೆದರಿದೆ. ಅದು ನಗುವೆಂದು ತಿಳಿಯಲು ಮುಖವನ್ನು ನೋಡಬೇಕಾಯಿತು. ಫೋನು ತೆಗೆದು ಬಹಳ ಹೊತ್ತು ಟೈಪು ಮಾಡಿ ನನ್ನ ಕಡೆ ತಿರುಗಿಸಿದರು.

"ಒಳ್ಳೇದಾಯ್ತು ಮಿಸ್. ಇಲ್ದಿದ್ರೆ ಫೋನು ನನ್ನ ಧ್ವನೀಲಿ ಇವಳ ಮಾತಿಗೆಲ್ಲ ಹೂಂ ಅಂತ ಕೂತಿರ್ತಿತ್ತು. ಆಮೇಲೆ ಮನೇಲಿ ನಾನ್ಯಾಕೆ?"

ನಾನು ನಗಲಿಲ್ಲ. ನಾಳೆ ಬೆಳಿಗ್ಗೆ ಬೆಂಚಿಗೆ ಬರಬೇಕು, ನೀವು ಬರೆಯಿರಿ, ನಾನು ಓದುತ್ತೇನೆ, ಓದುವುದು ನನ್ನ ವೃತ್ತಿ ಎಂದೆ. ಅವರು ಬೇಡವೆಂದು ತಲೆ ಅಲ್ಲಾಡಿಸಿದರು. ಆಗ ಆಕೆ ಒರೆಸುವುದನ್ನು ನಿಲ್ಲಿಸಿ ಗಂಡನಿಗೆ ದಖನಿ ಉರ್ದುವಿನಲ್ಲಿ ಏನೋ ಹೇಳಿದರು. ಪೂರ್ತಿ ತಿಳಿಯಲಿಲ್ಲ, ತಪ್ಪು ಮಿಸ್ ಅವರದು, ಶಿಕ್ಷೆಯನ್ನೂ ಅವರೇ ಅನುಭವಿಸಲಿ ಎಂಬುದು ಅದರ ತಾತ್ಪರ್ಯ.

ಅವರು ಬಂದರು. ಮೊದಲ ದಿನ ಸಾರ್ ಹೇಳಿದ ಸುದ್ದಿಗೆ ತೀರ್ಪು ಬರೆದು, ಓದಿಸಲು ಸಂಕೋಚಪಟ್ಟು, ಫೋನನ್ನು ಕೈಯಿಂದ ಕೈಗೆ ಕೊಟ್ಟರು. ಅಕ್ಕ ನಕ್ಕು ಮುಗಿಸಿದ ಮೇಲೆ ಸಾರ್ ಕನ್ನಡಕ ಹುಡುಕಿ ಓದಿ ನಕ್ಕರು, ಅದಾದ ಮೇಲೆ ನಾನು. ಒಂದೇ ತಮಾಷೆಗೆ ಮೂರು ಒಂಟಿ ನಗು. ಎರಡನೆಯ ದಿನ ಸಾರ್ ಫೋನಿನಿಂದಲೇ ಓದಿಸಿದರು. ಬಾಣಸವಾಡಿ ನಿಲ್ದಾಣದಲ್ಲಿ ರೈಲು ತಡವಾಗಿ ಬರುತ್ತಿರುವುದಕ್ಕೆ ವಿಷಾದಿಸುವ ಹೆಂಗಸಿನ ಧ್ವನಿ ಅದು. ಭಾಯಿ ಕೈಯೆತ್ತಿ ಅದನ್ನು ನಿಲ್ಲಿಸಿದರು.

ಮೂರನೆಯ ದಿನ ನನ್ನ ಸರದಿ. ನಾನು ಎದ್ದು ನಿಂತು, ಸ್ಪಷ್ಟವಾಗಿ, ವಿರಾಮಚಿಹ್ನೆಗಳಿಗೆ ತಕ್ಕಂತೆ ಓದಿದೆ. ಯಾರೂ ನಗಲಿಲ್ಲ. ಪಠ್ಯಪುಸ್ತಕದಲ್ಲಿ ಇರ್ಬೇಕಾಗಿದ್ದ ಪಾಠ ಎಂದು ಅಕ್ಕ ಸಮಾಧಾನ ಹೇಳಿದರು. ಭಾಯಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮತ್ತೆ ಓದುವಂತೆ ಸನ್ನೆ ಮಾಡಿ, ಕೊನೆಯ ವಾಕ್ಯಕ್ಕೆ ಮೊದಲು ನನ್ನ ಮೊಣಕೈಯ ಮೇಲೆ ಒಂದು ಬೆರಳಿಟ್ಟರು. ಓದು ನಿಲ್ಲಿಸಿದೆ. ಬೆರಳು ಅಲ್ಲೇ ಇತ್ತು. ಇಷ್ಟು ಹೊತ್ತು ಸುಮ್ಮನಿರುವುದು ನನಗೆ ಅಭ್ಯಾಸವಿಲ್ಲ. ಸಾರ್ ಕತ್ತು ಮುಂದೆ ಚಾಚಿದರು, ಅಕ್ಕ ಕಡಲೆಕಾಯಿ ಸುಲಿಯುವುದನ್ನು ಬಿಟ್ಟರು. ಬೆರಳು ಮೇಲೆದ್ದಿತು. ಉಳಿದ ವಾಕ್ಯವನ್ನು ಓದಿದೆ. ಇಬ್ಬರೂ ಒಟ್ಟಿಗೆ ನಕ್ಕರು.

ಅಂದಿನಿಂದ ಹೀಗೆಯೇ ನಡೆದಿದೆ. ನಾನು ಅವರ ಬರಹವನ್ನು ತಿದ್ದುವುದಿಲ್ಲ. ಒಮ್ಮೆ ಓದುತ್ತ ಓದುತ್ತಲೇ ಒಂದು ಕ್ರಿಯಾಪದವನ್ನು ಸರಿಪಡಿಸಲು ಹೋದಾಗ ಬೆರಳು ಮೊಣಕೈಯನ್ನು ಕುಟ್ಟಿತು. ಈಗ ಯಾವ ನಿಲುಗಡೆ ಎಷ್ಟು ಹೊತ್ತಿನದೆಂದು ಸ್ವಲ್ಪಮಟ್ಟಿಗೆ ಊಹಿಸಬಲ್ಲೆ. ಆದರೂ ಒಂದು ಸಂಶಯ ಉಳಿದಿತ್ತು. ನಗುವವರು ಯಾರ ಮಾತಿಗೆ ನಗುತ್ತಿದ್ದಾರೆ, ನನ್ನ ಓದಿಗೋ, ಭಾಯಿಯ ಮಾತಿಗೋ? ಅವರು ಬೆಂಚಿಗೆ ಮರಳಿದ್ದಾರೆಯೇ, ಅಥವಾ ಅವರ ಹೆಸರಿನಲ್ಲಿ ನಾನು ಮಾತನಾಡುತ್ತಿದ್ದೇನೆಯೇ?

ಕಳೆದ ಭಾನುವಾರ ಅವರ ಹೆಂಡತಿ ಜೊತೆಗೆ ಬಂದರು. ಗಂಡನನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆಂದು ಪರೀಕ್ಷಿಸಲು ಬಂದಂತಿತ್ತು. ಬೆಂಚಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಅಕ್ಕ ಕಡಲೆಕಾಯಿ ನೀಡಿದರೆ ಅಂಗೈ ಅಡ್ಡ ಹಿಡಿದು "ನಕ್ಕೋ" ಎಂದರು. ಬೇಡವೆಂಬುದಕ್ಕೆ ಅವರ ಮನೆಮಾತು. ಕಂಟೋನ್ಮೆಂಟಿನ ಕಡೆ ಬೆಳೆದ ಅಕ್ಕನಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಅಂದಿನ ಸುದ್ದಿ, ಎಷ್ಟೇ ಉದ್ದದ ಸಂದೇಶವನ್ನಾದರೂ ಒಂದೇ ಸಾಲಿಗೆ ಇಳಿಸಿಕೊಡುವ ಹೊಸ ಸೌಲಭ್ಯದ್ದು. ಸಾರ್ ಅದರ ಅಪಾಯಗಳನ್ನು ವಿವರಿಸಿದರು. ಅಕ್ಕ ತಮ್ಮ ಪ್ರಶ್ನೆ ಕೇಳಿದರು. ಭಾಯಿ ಟೈಪು ಮಾಡಿ ಫೋನನ್ನು ನನಗೆ ಕೊಟ್ಟರು. ನಾನು ಓದಿದೆ.

"ಇದೇನ್ ಹೊಸದು ಸಾರ್? ನಮ್ಮನೇಲಿ ಮೂವತ್ತು ವರ್ಷದಿಂದ ಇದೆ. ನಾನು ಅರ್ಧ ಗಂಟೆ ಹೇಳಿದ್ದನ್ನ ಇವಳು ಒಂದೇ ಮಾತಿಗೆ ಇಳಿಸ್ತಾಳೆ."

ಬೆರಳು ಮೊಣಕೈಯ ಮೇಲೆ ಬಂದು ಕೂತಿತು. ಕಾದೆವು. ಎದ್ದಿತು.

"ನಕ್ಕೋ."

ಸಾರ್ ಕೆಮ್ಮುವಷ್ಟು ನಕ್ಕರು. ಅಕ್ಕ ತೊಡೆಯ ಮೇಲಿನ ಸಿಪ್ಪೆಯನ್ನೆಲ್ಲ ಚೆಲ್ಲಿಕೊಂಡರು. ಭಾಯಿಯ ಹೆಂಡತಿ ನಗಲಿಲ್ಲ. ನನ್ನತ್ತ ಕಣ್ಣು ಹಾಯಿಸಲೂ ಇಲ್ಲ. ನನ್ನನ್ನು ದಾಟಿ ಬಾಗಿ, ಗಂಡನ ಮುಖಕ್ಕೇ ನೇರವಾಗಿ ಹೇಳಿದರು.

"ಹೇಳಿ ಹೇಳಿ, ಎಲ್ರ ಮುಂದೆ ಹೇಳಿ. ಅರ್ಧ ಅರ್ಧ ಗಂಟೆ ಕೂತು ಕೇಳ್ಸ್ಕೊಂಡಿದ್ದು ಯಾರು, ಅದನ್ನೂ ಹೇಳಿ."

ನಾನು ಬೆನ್ನನ್ನು ಹಿಂದಕ್ಕೆ ಒರಗಿಸಿ ಇಬ್ಬರ ನಡುವೆ ದಾರಿ ಬಿಟ್ಟೆ. ಭಾಯಿ ನನ್ನ ಕೈಯಿಂದ ಫೋನನ್ನು ಕಿತ್ತುಕೊಂಡರು. ಆಕೆಗೆ ಉತ್ತರ ಕೊಡುವ ಅವಸರದಲ್ಲಿ ಎರಡು ಹೆಬ್ಬೆರಳಿನಿಂದಲೂ ಬರೆಯತೊಡಗಿದರು. ಆಕೆ ಕೈಕಟ್ಟಿ ಕಾಯುತ್ತಿದ್ದರು. ನಾನೂ ಕೈ ಚಾಚಿಕೊಂಡು ಕಾದೆ.