ದಸ್ತಗೀರ್ ಸಾಬರ ಬೆಚ್ಚನೆಯ ಫ್ರಿಜ್ಜು

ದಸ್ತಗೀರ್ ಸಾಬರು ಯಾವುದನ್ನೇ ಆಗಲಿ ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದರು. ಗೋಡೆಗೆ ತೇವ ಹತ್ತಿದೆಯೇ, ಹಗ್ಗದ ಮೇಲಿನ ಬಟ್ಟೆ ಆರಿದೆಯೇ, ಅಂಗಡಿಯಿಂದ ತಂದ ಅವಲಕ್ಕಿ ಮೆತ್ತಗಾಗಿದೆಯೇ, ಎಲ್ಲಕ್ಕೂ ಬಲಗೈ ಮಗುಚಿ ಬೆರಳ ಗೆಣ್ಣುಗಳನ್ನು ಒತ್ತಿ, ಅರ್ಧ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದರೆ, "ಅಂಗೈ ಕೆಲಸ ಮಾಡಿ ಮಾಡಿ ದಪ್ಪ ಆಗಿರ್ತದೆ ಮೇಡಂ, ಅದಕ್ಕೇನೂ ಗೊತ್ತಾಗಲ್ಲ. ಈ ಕಡೆ ಚರ್ಮಕ್ಕೆ ಸುಳ್ಳು ಹೇಳಕ್ಕೆ ಬರಲ್ಲ" ಅನ್ನುತ್ತಿದ್ದರು.

ನಾನು ಭದ್ರಾವತಿಯ ಹಳೇನಗರಕ್ಕೆ ಬಾಡಿಗೆಗೆ ಬಂದದ್ದು ಅಮ್ಮ ತೀರಿಕೊಂಡ ವರ್ಷ. ಕೆಲಸ ಶಿವಮೊಗ್ಗದ ಒಂದು ಬಟ್ಟೆ ಅಂಗಡಿಯಲ್ಲಿ, ಬಿಲ್ಲು ಹಾಕುವುದು. ಬೆಳಗಿನ ರೈಲಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಮದುವೆ ಆಗಿಲ್ಲ, ಆಗುವ ವಯಸ್ಸೂ ದಾಟಿತ್ತು. ದಿನವಿಡೀ ಗಿರಾಕಿಗಳ ಜೊತೆ ಮಾತಾಡಿ ಮನೆಗೆ ಬಂದು ಬೀಗ ತೆಗೆದರೆ, ಮಾರನೆಯ ಬೆಳಗಿನ ತನಕ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅಂಥ ಒಂದು ಸಂಜೆ ಹಿತ್ತಲ ಗೋಡೆಯ ಆಚೆಯಿಂದ ಯಾರೋ ಯಾರನ್ನೋ ಗದರಿಸುವುದು ಕೇಳಿಸಿತು. "ಯಾರ‍್ರೀ ಅದು ನೀರು ಚೆಲ್ಲಿದ್ದು? ಕಪ್ಪು ಮೂತಿಯವನೇ, ನೀನೇ ಅಲ್ವಾ?" ಇಣುಕಿ ನೋಡಿದರೆ, ಬಿಳಿ ಗಡ್ಡದ ಹಿರಿಯರೊಬ್ಬರು ಅಂಗಾತ ಮಲಗಿಸಿದ ಹಳೆಯ ಫ್ರಿಜ್ಜಿನೊಳಗೆ ತಲೆ ಹಾಕಿಕೊಂಡು ಕೂತಿದ್ದರು.

ಸಾಬರು ಬಹಳ ವರ್ಷ ಫ್ರಿಜ್ಜು ರಿಪೇರಿ ಮಾಡಿದವರು. ಕೆಟ್ಟುಹೋದ ಒಂದು ಫ್ರಿಜ್ಜಿನ ಬಾಗಿಲು ಕಿತ್ತು, ಗಾಳಿಗೆ ತೂತು ಕೊರೆದು, ಮೇಲಿನಿಂದ ಬಲ್ಬು ಇಳಿಬಿಟ್ಟು, ಬಾತುಮರಿಗಳಿಗೆ ಮನೆ ಮಾಡಿದ್ದರು. ಅಡಿಗೆ ಅಕ್ಕಿ ಮಿಲ್ಲಿನಿಂದ ತಂದ ಭತ್ತದ ಹೊಟ್ಟು. ನೀರಿನ ಬಟ್ಟಲು ಇದ್ದದ್ದು ಒಂದು ಮೂಲೆಯಲ್ಲಿ, ಅದೇ ಫ್ರಿಜ್ಜಿನ ತಂತಿ ತಟ್ಟೆಯ ಮೇಲೆ. ತಂತಿ ತಟ್ಟೆಯ ಕೆಳಗೆ ತರಕಾರಿ ಇಡುವ ಟ್ರೇ. ಮರಿಗಳು ಎಷ್ಟೇ ಚೆಲ್ಲಾಡಿದರೂ ನೀರು ಸೋರಿ ಟ್ರೇಗೆ ಬೀಳಬೇಕು, ಹೊಟ್ಟಿಗೆ ತಾಗಬಾರದು. ಆದರೂ ತಾಗುತ್ತಿತ್ತು. ಬಾತುಮರಿಯಷ್ಟು ಗಲೀಜು ಮಾಡುವ ಪ್ರಾಣಿಯನ್ನು ನಾನು ಕಂಡಿಲ್ಲ. ಒಂದು ಗುಟುಕು ನೀರು ಕುಡಿಯುವುದು, ಬಾಯಲ್ಲಿ ಉಳಿದದ್ದನ್ನು ಹೊಟ್ಟಿನ ಮೇಲೆ ಕೊಡವುವುದು, ಕೊಡವಿದ ಕಡೆಯೇ ಹೊಲಸು ಮಾಡಿ ಅಲ್ಲೇ ಮಲಗುವುದು. ಸಾಬರು ಹೊತ್ತು ಹೊತ್ತಿಗೆ ಕೈ ಮಗುಚಿ ಒತ್ತಿ ನೋಡಿ, ಒದ್ದೆಯಾದ ಹೊಟ್ಟನ್ನು ಬಾಚಿ ತೆಗೆದು, ಬಿಸಿಲಿಗೆ ಹರವಿದ್ದ ಒಣ ಹೊಟ್ಟನ್ನು ತುಂಬುತ್ತಿದ್ದರು.

"ಮೊದಲು ತಣ್ಣಗಿಡೋ ಪೆಟ್ಟಿಗೆ ಆಗಿತ್ತು, ಈಗ ಬೆಚ್ಚಗಿಡ್ತದೆ. ಫ್ರಿಜ್ಜಿಗೂ ರಿಟೈರ್ ಆದ್ಮೇಲೆ ಬುದ್ಧಿ ಬಂತು" ಎಂದು ನಗುತ್ತಿದ್ದರು.

ಒಂದು ಭಾನುವಾರ ನನ್ನನ್ನು ಚಹಾಕ್ಕೆ ಕರೆದರು. ಮರಿಗಳನ್ನು ನೋಡುತ್ತ ನಾನು, "ಬಾತುಕೋಳಿ ಅಂದ್ರೆ ನೀರಲ್ವಾ ಸಾಬ್ರೇ? ಪಾಪ, ಒಂದು ಬೋಗುಣಿ ನೀರಿಟ್ಟು ಬಿಡಿ, ಆಡ್ಲಿ" ಎಂದುಬಿಟ್ಟೆ. ಸಾಬರ ಮುಖ ಇಳಿಯಿತು. ಎದ್ದು ಒಳಗೆ ಹೋದರು. ನಾನು ಎಷ್ಟೋ ಹೊತ್ತು ಕಾದೆ. ಚಹಾ ಬರಲಿಲ್ಲ. ಏನು ತಪ್ಪು ಮಾತಾಡಿದೆನೋ ಎಂದುಕೊಳ್ಳುತ್ತ ಮನೆಗೆ ಬಂದೆ.

ಮಾರನೆಯ ಸಂಜೆ ಅವರೇ ಗೋಡೆಯ ಹತ್ತಿರ ಬಂದರು. ಒಂದು ಲೋಟ ಚಹಾ ಗೋಡೆಯ ಮೇಲಿಟ್ಟು, ನನ್ನ ಕಡೆ ನೋಡದೆ ಹೇಳಿದರು.

"ನಮ್ಮ ಬೇಗಂ ಜುಬೇದಾ ಇದ್ದಾಗ ಈ ಹಿತ್ತಲ ತುಂಬ ಬಾತುಕೋಳಿ. ಸಂತೇಲಿ ಮರಿ ತರೋಳು, ಸಾಕೋಳು, ದೊಡ್ಡವಾದ್ಮೇಲೆ ಕೆರೆಗೆ ಹೊಡ್ಕೊಂಡು ಹೋಗೋಳು. ನಾನು ಬೆಳಿಗ್ಗೆ ಅಂಗಡಿಗೆ ಹೋದ್ರೆ ಸಂಜೆ ಬರೋನು. ನನ್ನ ಕಣ್ಣಿಗೆ ಕಂಡಿದ್ದು ಕೆರೆ ಮೇಲೆ ತೇಲೋ ಬಾತುಕೋಳಿ ಮಾತ್ರ. ಅದಕ್ಕೆ ಮುಂಚೆ ಅವಳೇನು ಮಾಡ್ತಿದ್ಳು, ನೋಡ್ಲೂ ಇಲ್ಲ, ಕೇಳ್ಲೂ ಇಲ್ಲ. ಅವಳು ಹೋದ್ಲು. ಹಿತ್ತಲು ಸುಮ್ಮನಾಗೋಯ್ತು. ತಡ್ಕೊಳ್ಳಕ್ಕಾಗ್ಲಿಲ್ಲ ಮೇಡಂ. ಸಂತೆಗೆ ಹೋಗಿ ಮರಿ ತಂದೆ. ರಜಾಯಿ ಒಗೆಯೋ ದೊಡ್ಡ ಟಬ್ಬಿತ್ತಲ್ಲ, ಅದರ ತುಂಬ ನೀರು ಹಿಡಿದು ಬಿಟ್ಟೆ. ಎಷ್ಟು ಚಂದ ಈಜಿದ್ವು ಗೊತ್ತಾ? ಕುರ್ಚಿ ಹಾಕ್ಕೊಂಡು ನೋಡ್ತಾ ಕೂತೆ. ಅವಳು ಹೋದ್ಮೇಲೆ ಅವತ್ತೇ ನಾನು ನಕ್ಕಿದ್ದು."

ಲೋಟದ ಅಂಚನ್ನು ಒರೆಸಿದರು.

"ಬೆಳಿಗ್ಗೆ ನೋಡ್ತೀನಿ, ಎಲ್ಲಾ ಒಂದರ ಮೇಲೊಂದು ಬಿದ್ದಿದ್ವು. ಒದ್ದೆ. ತಣ್ಣಗೆ. ತಾಯಿ ಹೊಟ್ಟೆ ಕೆಳಗೆ ಮಲಗಿದ ಮರಿಗೆ ತಾಯಿ ಮೈ ಎಣ್ಣೆ ಹತ್ತಿರ್ತದಂತೆ, ನೀರು ಜಾರ‍್ತದಂತೆ. ತಾಯಿ ಇಲ್ಲದ್ದಕ್ಕೆ ನೀರು ಚರ್ಮಕ್ಕೇ ಇಳೀತದೆ. ಸ್ವಂತ ಪುಕ್ಕ ಬರೋ ತನಕ ಒಣಗಿಸಿಯೇ ಇಡಬೇಕು. ಆಮೇಲೆ ಕೇಳಿದ್ರೆ ಸಂತೇಲಿ ಎಲ್ಲರಿಗೂ ಗೊತ್ತು. ನಮ್ಮ ಮನೇಲೇ ಅಷ್ಟು ವರ್ಷ ನಡೀತಿತ್ತು, ನನಗೆ ಗೊತ್ತಿಲ್ಲ. ತಣ್ಣಗೆ ಮಾಡೋದೇ ಕಸುಬಾಗಿತ್ತಲ್ಲ, ಮನೇಲೂ ಅದನ್ನೇ ಮಾಡ್ದೆ."

ಆಮೇಲೆ ತಂದ ಇನ್ನೊಂದು ಗುಂಪಿನಲ್ಲಿ ಮಾಡು ಸೋರಿ ಅರ್ಧ ಹೋದವಂತೆ. ಉಳಿದವನ್ನು ಯಾರಿಗೋ ಕೊಟ್ಟುಬಿಟ್ಟರಂತೆ, ಕೆರೆಗೆ ಹೊಡೆದುಕೊಂಡು ಹೋಗಲು ಮನಸ್ಸು ಬರಲಿಲ್ಲವಂತೆ. ಮಸೀದಿಗೆ ಹೋಗುವುದಕ್ಕೂ ಕೆರೆಯ ದಾರಿ ಬಿಟ್ಟು ಸುತ್ತು ಹಾಕುತ್ತಿದ್ದರು. "ಒಂದೂ ಕಮ್ಮಿ ಆಗದ ಹಾಗೆ ಒಂದು ಗುಂಪು ಬೆಳೆಸಿ, ಅವಳು ಬಿಡ್ತಿದ್ದ ಜಾಗದಲ್ಲೇ ನೀರಿಗೆ ಬಿಡಬೇಕು. ಆವಾಗ ಕೆರೆ ಮುಖ ನೋಡ್ತೀನಿ. ಇಷ್ಟು ಆದ್ರೆ ಸಾಕು" ಎಂದರು. ನಾನು ತಣ್ಣಗಾದ ಚಹಾ ಕುಡಿದೆ. ಆ ಸಂಜೆಯಿಂದ ಆ ಎಂಟು ಮರಿಗಳು ನನಗೂ ಬೇಕಾದವಾದವು.

ಹೊಟ್ಟು ಸೋಸುವುದು, ಟ್ರೇ ತೊಳೆಯುವುದು, ತೊಳೆದದ್ದನ್ನು ಒರೆಸದೆ ಇಡಬಾರದು ಎನ್ನುವುದು, ಎಲ್ಲವನ್ನೂ ನಾನು ಗೋಡೆ ದಾಟಿ ಹೋಗಿ ಕಲಿತೆ. ಸರಿಯಾಗಿ ಮಾಡದಿದ್ದರೆ ಮುಲಾಜಿಲ್ಲ. "ಅಂಗಡೀಲಿ ರೇಷ್ಮೆ ಸೀರೆ ಮೇಲೆ ನೀರು ಬಿದ್ರೆ ಹಿಂಗೇ ಬಿಡ್ತೀರಾ ಮಾರಾಯ್ತಿ?" ಎನ್ನುತ್ತಿದ್ದರು. ನನ್ನನ್ನು ಬೈಯುವವರೊಬ್ಬರು ಇದ್ದಾರಲ್ಲ ಎಂದು ಒಳಗೊಳಗೇ ಖುಷಿಯಾಗುತ್ತಿತ್ತು. ಅಮ್ಮ ಹೋದ ಮೇಲೆ ನನ್ನನ್ನು ಯಾರೂ ಬೈದಿರಲಿಲ್ಲ.

ಮಳೆ ಹಿಡಿದ ಮೇಲೆ ಕಷ್ಟವಾಯಿತು. ಬಿಸಿಲಿಲ್ಲ, ಹೊಟ್ಟು ಆರುವುದಿಲ್ಲ. ಸಾಬರು ಒಲೆಯ ಮೇಲೆ ಬಾಣಲೆ ಇಟ್ಟು ಹೊಟ್ಟು ಹುರಿಯತೊಡಗಿದರು. ಆ ಧೂಳಿಗೋ, ಥಂಡಿಗೋ, ಕೆಮ್ಮು ಹತ್ತಿ ಉಸಿರು ಸಿಕ್ಕಿಕೊಳ್ಳುವಷ್ಟಾಯಿತು. ಶಿವಮೊಗ್ಗದಲ್ಲಿರುವ ಮಗಳು ಶಾಹೀನ್ ಆಟೋ ತಂದು, ಅಲ್ಲಿಯ ಆಸ್ಪತ್ರೆಗೆ ಸೇರಿಸಲು ಕರೆದುಕೊಂಡು ಹೋದಳು. ಆಟೋದಲ್ಲಿ ಕೂತ ಸಾಬರು ಹಿತ್ತಲ ಬಾಗಿಲ ಕೀಲಿಯನ್ನು ನನ್ನ ಕೈಗಿಟ್ಟು, ಏದುಸಿರಿನಲ್ಲಿ, "ಅಂಗೈಲಿ ನೋಡ್ಬೇಡಿ" ಎಂದರು.

ಬೆಳಿಗ್ಗೆ ರೈಲಿಗೆ ಮುಂಚೆ, ಸಂಜೆ ಬಸ್ಸಿಳಿದ ಮೇಲೆ, ನನ್ನ ಕೆಲಸ ಅದೇ ಆಯಿತು. ಮಧ್ಯಾಹ್ನ ಅಂಗಡಿಯಲ್ಲಿ ಬಿಲ್ಲು ಹಾಕುವ ಹೊತ್ತಿಗೆ ಸರಿಯಾಗಿ ಫೋನು ಬರುತ್ತಿತ್ತು. ನಮಸ್ಕಾರವಿಲ್ಲ, ಕ್ಷೇಮ ಸಮಾಚಾರವಿಲ್ಲ. "ಒಣಗಿದೆಯಾ?" "ಒಣಗಿದೆ ಸಾಬ್ರೇ." "ಎಷ್ಟಿದಾವೆ?" "ಎಲ್ಲಾ ಇದಾವೆ." ಅಷ್ಟಕ್ಕೆ ಫೋನು ಇಡುತ್ತಿದ್ದರು. ಆದರೂ ನಂಬಿಕೆ ಬಂದಿರಲಿಲ್ಲವೆಂದು ದನಿಯಲ್ಲೇ ತಿಳಿಯುತ್ತಿತ್ತು.

ಅದಕ್ಕೇ ಒಂದು ದಿನ ಊಟದ ಡಬ್ಬಿಯಲ್ಲಿ ಅನ್ನದ ಬದಲು ಫ್ರಿಜ್ಜಿನ ಹೊಟ್ಟು ತುಂಬಿಕೊಂಡು ಆಸ್ಪತ್ರೆಗೆ ಹೋದೆ. ಸಾಬರು ಬಹಳ ಇಳಿದುಹೋಗಿದ್ದರು. ಮೂಗಿಗೆ ಕೊಳವೆ. ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದೆ. ನಿಧಾನಕ್ಕೆ ಬಲಗೈ ಎತ್ತಿ, ಮಗುಚಿ, ಗೆಣ್ಣುಗಳನ್ನು ಹೊಟ್ಟಿನೊಳಗೆ ಒತ್ತಿ ಕಣ್ಣು ಮುಚ್ಚಿದರು. ಎಷ್ಟು ಹೊತ್ತಾದರೂ ಕೈ ತೆಗೆಯಲಿಲ್ಲ.

"ಫ್ರಿಜ್ಜಿಂದೇ ಅಲ್ವಾ ಇದು? ಹೊಸದು ತಂದು ನನಗೆ ಟೋಪಿ ಹಾಕ್ತಿಲ್ವಲ್ಲ?"

"ಮೂಸಿ ನೋಡಿ ಬೇಕಾದ್ರೆ."

ಮೂಸಿದರು. ಬಾತುಮರಿಯ ವಾಸನೆ ಸಿಕ್ಕಿರಬೇಕು, ಮುಖವೆಲ್ಲ ನಗೆಯಾಯಿತು. ಅಷ್ಟರಲ್ಲಿ ನರ್ಸ್ ಬಂದು, "ಏನಮ್ಮಾ ಇದು, ಪೇಷಂಟಿಗೆ ಕಸ ತಂದು ಕೊಡ್ತೀರಾ?" ಎಂದು ಕೂಗಾಡಿದಳು. ಸಾಬರು ಅವಳಿಗೆ, "ಬೈಬೇಡಮ್ಮಾ. ನಮ್ಮನೆಯೋಳು ಇದ್ದಾಗ ಇಷ್ಟೇ ಒಣಗಿರ್ತಿತ್ತೇನೋ, ನಾನು ಮುಟ್ಟಿ ನೋಡಿರ್ಲಿಲ್ಲ" ಎಂದರು. ಅವಳಿಗೆ ಏನೂ ಅರ್ಥವಾಗಲಿಲ್ಲ. ಅದೇ ನಮ್ಮ ಕೊನೆಯ ಭೇಟಿ.

ಆ ವಾರವೇ ಒಂದು ಮಧ್ಯಾಹ್ನ ಫೋನು ಬಂತು. ಸಾಬರ ನಂಬರೇ. ಎತ್ತಿ, "ಒಣಗಿದೆ ಸಾಬ್ರೇ" ಎಂದೆ. ಆ ಕಡೆ ಶಾಹೀನ್ ಅಳುತ್ತಿದ್ದಳು.

ಎಲ್ಲ ಮುಗಿದ ಮೇಲೆ ಅವಳು ಮನೆಗೆ ಬೀಗ ಹಾಕಲು ಬಂದಾಗ, "ಮರಿಗಳು ನಿಮ್ಮ ಹತ್ರಾನೇ ಇರ್ಲಿ ಅಕ್ಕಾ" ಎಂದಳು. ಫ್ರಿಜ್ಜನ್ನು ನಾನು ನಮ್ಮ ಕಡೆಗೆ ತರಿಸಿಕೊಂಡೆ. ಮರಿಗಳ ಹಳದಿ ತುಪ್ಪಟ ಉದುರಿ, ಎದೆಗೆ, ಬೆನ್ನಿಗೆ, ಕೊನೆಗೆ ರೆಕ್ಕೆಗೆ ಪುಕ್ಕ ಬಂತು. ಒಂದೂ ಕಮ್ಮಿಯಾಗಲಿಲ್ಲ.

ಮಳೆ ಬಿಟ್ಟ ಒಂದು ಭಾನುವಾರ ಬೆಳಿಗ್ಗೆ ಅವನ್ನು ಕೆರೆಗೆ ಹೊಡೆದುಕೊಂಡು ಹೋದೆ. ಜುಬೇದಾ ಬಿಡುತ್ತಿದ್ದ ಜಾಗ ಯಾವುದೆಂದು ಬಟ್ಟೆ ಒಗೆಯುತ್ತಿದ್ದ ಹೆಂಗಸರು ತೋರಿಸಿದರು. ಬಾತುಗಳು ದಡದಲ್ಲಿ ಅನುಮಾನದಿಂದ ನಿಂತವು. ಅಷ್ಟು ನೀರನ್ನು ಅವು ಕಂಡಿರಲೇ ಇಲ್ಲ. ಕಪ್ಪು ಮೂತಿಯದು ಮೊದಲು ಇಳಿಯಿತು, ಉಳಿದವು ಅದರ ಹಿಂದೆ. ಮುಳುಗಿದವು, ಎದ್ದವು, ಒಂದರ ಮೇಲೊಂದು ನೀರು ಎರಚಿದವು. ನಾನು ಮತ್ತೆ ಮತ್ತೆ ಎಣಿಸಿದೆ, ಎಂಟೂ ಇದ್ದವು.

ಸಾಕಾಗಿ ದಡಕ್ಕೆ ಬಂದಾಗ ಕಪ್ಪು ಮೂತಿಯದನ್ನು ಹಿಡಿದು ಮಡಿಲಲ್ಲಿ ಕೂರಿಸಿಕೊಂಡೆ. ಬಲಗೈ ಮಗುಚಿ, ಪುಕ್ಕದೊಳಗೆ ಗೆಣ್ಣುಗಳನ್ನು ತೂರಿಸಿ, ಚರ್ಮದ ತನಕ ಒತ್ತಿದೆ. ಬೆಚ್ಚಗಿತ್ತು. ಒಂದು ಹನಿ ನೀರೂ ಒಳಗಿಳಿದಿರಲಿಲ್ಲ.

ಯಾರಿಗಾದರೂ ಹೇಳಬೇಕೆನಿಸಿ ಫೋನು ತೆಗೆದೆ. ಹೇಳುವುದಕ್ಕೆ ಯಾರೂ ಇರಲಿಲ್ಲ.