ಕಣ್ಣು ಬಿಡಿಸುವ ಕೆಲಸ

ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ಆ ಎರಡು ವರ್ಷ ನನ್ನನ್ನು ನೋಡದವರೇ ಇರಲಿಲ್ಲ. ಭಾನುವಾರ ಬಂತೆಂದರೆ ಯಾರಾದರೂ ಗುಬ್ಬಿಯ ನಮ್ಮ ಮನೆಗೆ ಬಂದು, ಚಾಪೆಯ ಮೇಲೆ ಕೂತು, ಉಪ್ಪಿಟ್ಟು ತಿಂದು, ನನ್ನನ್ನು ನೋಡಿ ಹೋಗುತ್ತಿದ್ದರು. ಬಣ್ಣ ಸ್ವಲ್ಪ ಕಮ್ಮಿ ಅಂದವರಿದ್ದಾರೆ. ಓದು ಜಾಸ್ತಿಯಾಯಿತು ಅಂದವರಿದ್ದಾರೆ. ಒಬ್ಬಾಕೆಯಂತೂ ಹುಡುಗಿ ಕಣ್ಣು ಬಹಳ ದೊಡ್ಡದು, ನೆಟ್ಟಗೆ ಎದುರಿಗೇ ನೋಡ್ತಾಳೆ ಎಂದು ಹೇಳಿ ಕಳಿಸಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಕಾಫಿ ತಟ್ಟೆ ಕುಕ್ಕಿ ಒಳಗೆ ಹೋಗುತ್ತಿದ್ದೆ, ಅಮ್ಮ ಹಿಂದೆಯೇ ಬಂದು ತೊಡೆ ಚಿವುಟುತ್ತಿದ್ದರು.

ಹೀಗೆ ಕೂತು ನೋಡಿಸಿಕೊಳ್ಳುವುದಕ್ಕಿಂತ ನಾನೇ ನಾಲ್ಕು ಜನರನ್ನು ನೋಡುವ ಕೆಲಸ ಹಿಡಿದರೆ ವಾಸಿ ಅನಿಸಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಫೋಟೋ ಸ್ಟುಡಿಯೋಗೆ ಸೇರಿದೆ. ಚಿತ್ರ ಬರೆಯಲು ಬರುತ್ತಿತ್ತು, ಅದೇ ಅರ್ಹತೆ. ಸ್ಟುಡಿಯೋಗೆ ಬರುವವರಲ್ಲಿ ಎರಡು ಬಗೆಯವರೇ ಹೆಚ್ಚು. ಮದುವೆ ವಯಸ್ಸಿಗೆ ಬಂದ ಹುಡುಗಿಯರು, ಇಲ್ಲವೇ ಸತ್ತವರ ಮನೆಯವರು. ಒಬ್ಬರನ್ನು ಮನೆಯಿಂದ ಕಳಿಸುವುದಕ್ಕೆ ಮೊದಲು ಫೋಟೋ ಬೇಕು, ಇನ್ನೊಬ್ಬರನ್ನು ಕಳಿಸಿದ ಮೇಲೆ ಬೇಕು. ಮಾಲೀಕರ ಎದುರು ಇದನ್ನು ಹೇಳಿ ಬೈಸಿಕೊಂಡೆ.

ಆಗಿನ ಮುದುಕರಲ್ಲಿ ಎಷ್ಟೋ ಜನ ಹುಟ್ಟಿದಂದಿನಿಂದ ಒಂದು ಫೋಟೋ ತೆಗೆಸಿಕೊಂಡಿರಲಿಲ್ಲ. ತೆಗೆಸಿದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಕ್ಯಾಮೆರಾವನ್ನು ಹತ್ತಿರಕ್ಕೇ ಸೇರಿಸುತ್ತಿರಲಿಲ್ಲ. ನಮ್ಮ ಜನದಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕುತ್ತಾರೆ. ಹಾಗೆ ಕೂತಾಗಲೇ ಮನೆಯವರಿಗೆ ಫೋಟೋ ನೆನಪಾಗುತ್ತಿತ್ತು. ಮಾಲೀಕರು ಕ್ಯಾಮೆರಾ ತಗೊಂಡು ಓಡುತ್ತಿದ್ದರು. ದೊಡ್ಡ ಸೈಜಿಗೆ ಪ್ರಿಂಟ್ ಹಾಕಿದ ಮೇಲೆ ಅದು ನನ್ನ ಮೇಜಿಗೆ ಬರುತ್ತಿತ್ತು. ಮುಚ್ಚಿದ ರೆಪ್ಪೆಗಳ ಮೇಲೆ ಸಣ್ಣ ಬ್ರಷ್ಷಿನಿಂದ ತೆರೆದ ಕಣ್ಣು ಬರೆಯುವುದು ನನ್ನ ಕೆಲಸ. ಸ್ಟುಡಿಯೋದ ಮಾತಿನಲ್ಲಿ ಅದಕ್ಕೆ ಕಣ್ಣು ಬಿಡಿಸೋದು ಅನ್ನುತ್ತಿದ್ದರು. ಚಿತ್ರ ಬಿಡಿಸುವುದೂ ಅದೇ, ಮುಚ್ಚಿದ ಕಣ್ಣನ್ನು ಬಿಡಿಸುವುದೂ ಅದೇ. ಮೊದಮೊದಲು ಒಂದು ಜೊತೆ ಕಣ್ಣಿಗೆ ಇಡೀ ದಿನ ಹಿಡಿಯುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಮಾಲೀಕರು ಒಂದು ನಿಯಮ ಇಟ್ಟಿದ್ದರು. ಸತ್ತವರನ್ನು ಹೋಲುವವರು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿ, ಅವರ ಕಣ್ಣಿನ ಫೋಟೋ ತೆಗೆದು, ಅದನ್ನು ನೋಡಿಕೊಂಡು ಬರೆಯಬೇಕು. ಆದರೆ ಮದುವೆಯಾಗದವರ ಕಣ್ಣು ಮಾತ್ರ ತೆಗೆಯಬಾರದು. ಯಾಕೆ ಅಂದರೆ, "ತೆಗೀಬಾರ್ದು ಅಂದ್ರೆ ತೆಗೀಬಾರ್ದು ಕಣಮ್ಮ, ನಮ್ಮ ಮೇಷ್ಟ್ರು ಹೇಳ್ಕೊಟ್ಟಿದ್ದು" ಎಂದು ಮುಗಿಸಿಬಿಟ್ಟಿದ್ದರು. ಇಂಥ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಲ ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಕಡೆಯಿಂದ ಮೂವರು, ಅಲ್ಲೆಲ್ಲೂ ಕಣ್ಣು ಬಿಡಿಸುವವರಿಲ್ಲವೆಂದು ನೆಗೆಟಿವ್ ಹಿಡಿದು ಬಂದರು. ಅರವತ್ತು ದಾಟಿದ ಒಬ್ಬ ರೈತರು ತೀರಿಹೋಗಿದ್ದರು. ಮರುದಿನ ತಿಥಿಯ ಶಿವಗಣಾರಾಧನೆ, ಅಷ್ಟರಲ್ಲಿ ಫೋಟೋ ಆಗಬೇಕು. ಬಂದವರಲ್ಲಿ ಒಬ್ಬರು ಸತ್ತವರ ತಮ್ಮ, ಉಳಿದಿಬ್ಬರು ಊರಿನವರು. ಕಣ್ಣು ಯಾರ ಥರ ಇತ್ತು ಎಂದು ಕೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು. ಮಗನದು ತಾಯಿ ಕಣ್ಣು, ಅದು ಬೇಡ ಅಂದರು ತಮ್ಮ. ಅವರದೇ ಕಣ್ಣು ತೆಗೆಯೋಣವೆಂದರೆ ಪೊರೆ ಆಪರೇಷನ್ ಆಗಿ ಸೋಡಾ ಗ್ಲಾಸಿನ ದಪ್ಪ ಕನ್ನಡಕ ಹಾಕಿಕೊಂಡಿದ್ದರು. ಊರಿನವರಲ್ಲಿ ಒಬ್ಬರು ಸಣ್ಣ ಕಣ್ಣು ಅಂದರು, ಇನ್ನೊಬ್ಬರು ಇಲ್ಲ, ಕೆಂಪಗಿದ್ವು ಅಂದರು. ಕೊನೆಗೆ ತಮ್ಮನೇ, "ಕಣ್ಣು ಕಣ್ಣಿದ್ದಂಗೇ ಇದ್ವು ಕಣಮ್ಮ, ಬರೀರಿ" ಅಂದರು.

ಅವರು ಹೋದ ಮೇಲೆ ನನಗೆ ಬಹಳ ಸಂಕಟವಾಯಿತು. ಒಂದು ಊರಲ್ಲಿ ಅರವತ್ತು ವರ್ಷ ಬದುಕಿದ ಮನುಷ್ಯನ ಕಣ್ಣು ಹೇಗಿತ್ತೆಂದು ಒಬ್ಬರಿಗೂ ಗೊತ್ತಿಲ್ಲ. ನನ್ನನ್ನು ವಾರವಾರವೂ ಕಣ್ಣು, ಮೂಗು, ಜಡೆ ಎಂದು ಅಳೆದು ಹೋಗುತ್ತಾರೆ, ವಯಸ್ಸಾದವರನ್ನು ಯಾರೂ ಮುಖವೆತ್ತಿ ನೋಡುವುದೇ ಇಲ್ಲ ಅಂದುಕೊಂಡೆ. ಆಗ ನನಗೆ ಹೊಳೆದದ್ದು ಅಷ್ಟೇ.

ಮಾಲೀಕರು ಮದುವೆ ಫೋಟೋಗೆ ಹೋಗಿದ್ದರು. ಗಿರಾಕಿಗಳು ಪೌಡರ್ ಹಚ್ಚಿಕೊಳ್ಳಲು ಇಟ್ಟಿದ್ದ ಕನ್ನಡಿಯನ್ನು ಮೊಳೆಯಿಂದ ತೆಗೆದು ಮೇಜಿನ ಮೇಲೆ ನಿಲ್ಲಿಸಿಕೊಂಡೆ. ನನ್ನ ಕಣ್ಣನ್ನೇ ನೋಡಿ ನೋಡಿ ಆ ಮುಖದಲ್ಲಿ ಬರೆದೆ. ಸುತ್ತ ನಾಲ್ಕು ಸುಕ್ಕು ಸೇರಿಸಿದೆ. ಮುಗಿಸಿ ತಲೆ ಎತ್ತಿದರೆ ಕನ್ನಡಿಯಿಂದಲೂ ಪ್ರಿಂಟಿನಿಂದಲೂ ಒಂದೇ ನೋಟ ನನ್ನ ಕಡೆ ತಿರುಗಿತ್ತು. ಕನ್ನಡಿಯಲ್ಲಿದ್ದವಳು ರೆಪ್ಪೆ ಮಿಟುಕಿಸಿದಳು. ಪ್ರಿಂಟಿನಲ್ಲಿದ್ದವರು ಮಿಟುಕಿಸಲಿಲ್ಲ. ಕನ್ನಡಿ ಮಗುಚಿ ಹಾಕಿದೆ.

ಮರುದಿನ ಬೆಳಿಗ್ಗೆ ಸತ್ತವರ ತಮ್ಮ ಬಂದು ಸೋಡಾ ಗ್ಲಾಸನ್ನು ಫೋಟೋದ ಹತ್ತಿರಕ್ಕೆ ಹಿಡಿದು ನೋಡಿ, "ಥೇಟು ನಮ್ಮಣ್ಣ" ಅಂದರು. ಪೇಪರಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದರು.

ಸಲೀಸಾದ ದಾರಿ ಸಿಕ್ಕರೆ ಯಾರು ಬಿಡುತ್ತಾರೆ? ಆಮೇಲೂ ಐದಾರು ಜನಕ್ಕೆ ನನ್ನ ಕಣ್ಣನ್ನೇ ಇಟ್ಟೆ. ಒಬ್ಬರೂ ಇದು ನಮ್ಮವರದಲ್ಲ ಅನ್ನಲಿಲ್ಲ. ಒಂದು ಶುಕ್ರವಾರ ನಮ್ಮ ಬೀದಿಯ ಒಂದು ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿ ತಲೆ ಬಗ್ಗಿಸಿ ಕೂತಿದ್ದೆ. ಯಾರೋ ನೋಡುತ್ತಿದ್ದಾರೆ ಅನಿಸಿತು. ಬಾಗಿಲ ಮೇಲಿನ ಫೋಟೋದಲ್ಲಿ ಆ ಮನೆಯ ಅಜ್ಜಿ. ಅಜ್ಜಿಯ ಮುಖದೊಳಗಿಂದ ನಾನು. ಎಲೆ ಅಡಿಕೆ ಅಲ್ಲೇ ಬಿಟ್ಟು ಎದ್ದು ಬಂದೆ. ಇನ್ನು ಈ ಕೆಲಸ ಮಾಡುವುದಿಲ್ಲವೆಂದು ಹೇಳಿ ಸ್ಟುಡಿಯೋ ಬಿಟ್ಟುಬಿಟ್ಟೆ, ಕಾರಣ ಯಾರಿಗೂ ಹೇಳಲಿಲ್ಲ.

ಇದಾಗಿ ಎರಡು ವರ್ಷಕ್ಕೆ ತುಮಕೂರಿನಿಂದ ಒಂದು ಸಂಬಂಧ ಬಂತು. ಹುಡುಗ ಅಲ್ಲಿಯ ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಮೆಷಿನ್ ಮೇಲೆ ಕೆಲಸ ಮಾಡುತ್ತಿದ್ದ. ತಂದೆ ಇಲ್ಲ, ತಾಯಿ ಮಾತ್ರ, ಉಪ್ಪಾರಹಳ್ಳಿಯಲ್ಲಿ ಮನೆ. ತಾಯಿ ಮಗ ಇಬ್ಬರೇ ಬಂದರು. ಕಾಫಿ ಕೊಡಲು ಬಗ್ಗಿದೆ. ಆಕೆ ಲೋಟ ತಗೊಳ್ಳದೆ ನನ್ನ ಮುಖವನ್ನೇ ನೋಡುತ್ತಾ ಉಳಿದರು. ನಾನು ಅಭ್ಯಾಸದಂತೆ ನೆಟ್ಟಗೆ ನೋಡಿದೆ. ಇದೂ ಹೋಯಿತು ಅಂದುಕೊಳ್ಳುವಷ್ಟರಲ್ಲಿ, "ನಂಗೆ ಒಪ್ಪಿಗೆ, ಅವ್ನ ಕೇಳಿ" ಅಂದರು. ಬಣ್ಣ ಕೇಳಲಿಲ್ಲ, ಅಡುಗೆ ಬರುತ್ತಾ ಎಂದೂ ಕೇಳಲಿಲ್ಲ.

ಮದುವೆಯಾಗಿ ಬೆಳಿಗ್ಗೆ ಹತ್ತರ ಸುಮಾರಿಗೆ ಆ ಮನೆಯ ಹೊಸ್ತಿಲು ದಾಟಿದೆ. ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಕಾಲಿಟ್ಟ ಮೇಲೆ, ಸೋಡಾ ಗ್ಲಾಸು ಹಾಕಿಕೊಂಡ ಒಬ್ಬ ಹಿರಿಯರು ಮುಂದೆ ಬಂದು, "ಮೊದ್ಲು ನಿಮ್ಮ ಮಾವೋರ್ಗೆ ನಮಸ್ಕಾರ ಮಾಡವ್ವ" ಎಂದು ಗೋಡೆ ತೋರಿಸಿದರು. ಅವರನ್ನು ಎಲ್ಲಿ ನೋಡಿದ್ದೆ ಎಂದು ನೆನೆಯುತ್ತಾ ತಲೆ ಎತ್ತಿದೆ. ಹೂವಿನ ಹಾರದ ನಡುವಿನಿಂದ ನನ್ನ ಕಣ್ಣು ನನ್ನನ್ನು ನೋಡುತ್ತಿತ್ತು. ಮಾರ್ಕೋನಹಳ್ಳಿ ಕಡೆಯಿಂದ ಬಂದಿದ್ದ ಅದೇ ಫೋಟೋ. ಮಗ ಊರು ಬಿಟ್ಟು ಬರುವಾಗ ತಾಯಿಯ ಜೊತೆ ತಂದೆಯನ್ನೂ ತಂದಿದ್ದ. ಬಿದ್ದಂತೆಯೇ ಕೂತು ನಮಸ್ಕಾರ ಮಾಡಿದೆ, ಸೊಸೆಗೆ ಎಷ್ಟು ಭಕ್ತಿ ಅಂದರು ಯಾರೋ.

ಹೇಳಬೇಕೆಂದು ಎಷ್ಟೋ ಸಲ ಬಾಯಿವರೆಗೂ ಬಂತು. ಹೇಗೆ ಹೇಳುವುದು? ಅತ್ತೆ ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಆ ಫೋಟೋ ಮುಂದೆ ನಿಂತು ಮಾತಾಡುತ್ತಿದ್ದರು. ನಲ್ಲಿಯಲ್ಲಿ ನೀರು ಬಂದದ್ದು, ಮಗನಿಗೆ ಶಿಫ್ಟು ಬದಲಾದದ್ದು, ನನ್ನ ಹೊಟ್ಟೆಯಲ್ಲಿ ಮಗು ನಿಂತದ್ದು, ಎಲ್ಲವನ್ನೂ ನನಗೆ ಕೇಳಿಸುವಂತೆಯೇ ಹೇಳುತ್ತಿದ್ದರು. ನಾನು ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದೆ. ಅವರು ನೋಡಿ ನಗುತ್ತಿದ್ದ ಕಣ್ಣು ನನ್ನದು. ಗಂಡನೆಂದು ನಂಬಿ ಆಡುತ್ತಿದ್ದ ಮಾತೆಲ್ಲ ನನ್ನ ಮೋಸದ ಮೇಲೆ ನಿಂತದ್ದು. ನಿಜ ಹೇಳಿದರೆ ಆಕೆಗೆ ಎರಡನೇ ಸಲ ಗಂಡ ಸತ್ತಂತೆ ಎಂದು ಹೆದರಿ ಸುಮ್ಮನಾಗುತ್ತಿದ್ದೆ.

ನನ್ನ ಗಂಡ ಮಾತ್ರ ಊಟಕ್ಕೆ ಕೂತಾಗ ಫೋಟೋ ಕಡೆ ನೋಡಿ, "ಅಪ್ಪ ಬದುಕಿದ್ದಾಗ ಇಷ್ಟು ಹೊತ್ತು ನಮ್ಮ ಹತ್ರ ಕೂತೋರಲ್ಲ ಕಣೇ" ಅನ್ನುತ್ತಿದ್ದರು. ಅದು ಅಪ್ಪನ ಮೇಲಿನ ಪ್ರೀತಿಯ ಮಾತೆಂದೇ ನಾನು ತಿಳಿದಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವರ ಫ್ಯಾಕ್ಟರಿಯಲ್ಲಿ ಕೆಲಸ ಕಡಿಮೆಯಾಯಿತು, ವಾರಕ್ಕೆ ಮೂರೇ ಶಿಫ್ಟು. ನಾನು ಒಂದು ಗಾರ್ಮೆಂಟ್ಸ್‌ನ ಚೆಕಿಂಗ್ ಸೆಕ್ಷನ್ನಿಗೆ ಸೇರಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಶರ್ಟು ತಿರುವಿ ತಿರುವಿ ಬಿಟ್ಟ ಹೊಲಿಗೆ, ಕಲೆ, ಸೊಟ್ಟ ಕಾಲರ್ ಹುಡುಕುವುದು. ತಪ್ಪು ಹುಡುಕುವುದೇ ಕೆಲಸ. ಒಂದು ಕಣ್ತಪ್ಪಿದರೆ ಸೂಪರ್‌ವೈಸರ್ ಎಲ್ಲರ ಎದುರು ಕೂಗುತ್ತಿದ್ದ. ಮನೆಗೆ ಬಂದರೆ ಮಗಳ ಹೋಂವರ್ಕು, ರೊಟ್ಟಿ, ಪಾತ್ರೆ, ಜೊತೆಗೆ ಅತ್ತೆ. ಅವರಿಗೆ ಎಪ್ಪತ್ತು ದಾಟಿತ್ತು. ಹಾಲು ಉಕ್ಕಿಸುತ್ತಿದ್ದರು, ನಲ್ಲಿ ನಿಲ್ಲಿಸುತ್ತಿರಲಿಲ್ಲ, ಮಾತ್ರೆ ತಗೊಂಡೆನೋ ಇಲ್ಲವೋ ಎಂದು ಮರೆಯುತ್ತಿದ್ದರು. ಒಂದು ದಿನವೂ ನಾನು ಅವರ ಮೇಲೆ ಕೂಗಾಡಲಿಲ್ಲ. ಸಿಟ್ಟನ್ನು ನುಂಗಿಕೊಂಡು ಒಂದು ಸಲ ನೋಡಿ ಒಳಗೆ ಹೋಗುತ್ತಿದ್ದೆ. ಅದನ್ನು ನನ್ನ ದೊಡ್ಡತನ ಅಂದುಕೊಂಡಿದ್ದೆ.

ಒಂದು ಸಂಜೆ ಆರೂವರೆಗೆ ಬಂದಾಗ ಕರೆಂಟು ಇರಲಿಲ್ಲ. ಹಾಲು ಸೀದ ವಾಸನೆ ಬೀದಿಗೇ ಬರುತ್ತಿತ್ತು. ಬಾಗಿಲು ತೆರೆದೇ ಇತ್ತು, ಅತ್ತೆ ಕಾಣಲಿಲ್ಲ. ಕೂಗಿದೆ. ಕೋಣೆಯ ಬಾಗಿಲ ಹಿಂದೆ ಗೋಡೆಗೆ ಅಂಟಿಕೊಂಡು, ತಲೆ ತುಂಬ ಸೆರಗು ಎಳೆದುಕೊಂಡು ನಿಂತಿದ್ದರು. "ಉಣ್ಣಾಕೆ ಇಕ್ತೀನಿ, ಈಗ್ಲೇ ಇಕ್ತೀನಿ, ಕೂತ್ಕಳಿ" ಅಂದರು. ಯಾರು ಬಂದಿದ್ದಾರೆಂದು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಎಂಟು ವರ್ಷ ನನ್ನನ್ನು ನೀನು, ಬಾರೇ, ಹೋಗೇ ಅಂದವರು ಬಹುವಚನದಲ್ಲಿ ಮಾತಾಡುತ್ತಿದ್ದದ್ದು ನನ್ನ ಜೊತೆಯೇ.

ಆಮೇಲೆ ಅದು ಹೆಚ್ಚಾಯಿತು. ಬೆಳಿಗ್ಗೆ ಸರಿಯಾಗಿರುತ್ತಿದ್ದರು. ಸಂಜೆ ನಾನು ಗೇಟು ತೆಗೆದ ಸದ್ದಾದರೆ ಸೆರಗು ತಲೆಗೆ ಹೋಗುತ್ತಿತ್ತು, ಬನ್ನಿ, ಕೂತ್ಕಳಿ ಶುರುವಾಗುತ್ತಿತ್ತು. ಡಾಕ್ಟರು ವಯಸ್ಸಿನ ಮರೆವು ಅಂದರು. ನನಗೆ ಮಾತ್ರ ಗೊತ್ತಿತ್ತು ಅದು ಏನೆಂದು. ಹತ್ತು ವರ್ಷ ಗೋಡೆಯಲ್ಲಿ ನೋಡಿದ ಕಣ್ಣನ್ನೇ ನನ್ನ ಮುಖದಲ್ಲಿ ಕಂಡು, ಬುದ್ಧಿ ಸಡಿಲವಾದ ಆ ಜೀವ ನನ್ನನ್ನು ಗಂಡನೆಂದುಕೊಂಡಿದೆ. ಮದುವೆಯಾಗದವರ ಕಣ್ಣು ತೆಗೆಯಬಾರದೆಂದ ಮಾಲೀಕರ ಮಾತು ಮತ್ತೆ ಮತ್ತೆ ನೆನಪಾಗುತ್ತಿತ್ತು. ಒಂದು ದಿನ ಫೋಟೋ ತೆಗೆದು ಅಟ್ಟಕ್ಕೆ ಹಾಕಿದೆ. ಸಂಜೆ ಬರುವಷ್ಟರಲ್ಲಿ ಅದು ಮತ್ತೆ ಗೋಡೆಯಲ್ಲಿತ್ತು. ಅಷ್ಟು ವಯಸ್ಸಾದವರು ಸ್ಟೂಲು ಹತ್ತಿ ಹೇಗೆ ಇಳಿಸಿ ಹಾಕಿದರೋ ತಿಳಿಯಲಿಲ್ಲ.

ಇನ್ನು ತಡೆಯಲಾರದೆ ಒಂದು ಭಾನುವಾರ ಮಧ್ಯಾಹ್ನ, ಹಿತ್ತಲ ಬಾಗಿಲಲ್ಲಿ ಅವರ ತಲೆ ಬಾಚುತ್ತಾ ಹೇಳಿಬಿಟ್ಟೆ. "ಅತ್ತೆ, ಆ ಫೋಟೋದಲ್ಲಿರೋದು ಮಾವನ ಕಣ್ಣಲ್ಲ. ನಂದು. ನಾನೇ ಗುಬ್ಬಿ ಸ್ಟುಡಿಯೋದಲ್ಲಿ ಕನ್ನಡಿ ನೋಡ್ಕೊಂಡು ಬರೆದಿದ್ದು. ತಪ್ಪಾಯ್ತು."

ಅವರು ತಿರುಗಲಿಲ್ಲ. "ಗೊತ್ತು ಕಣವ್ವ" ಅಂದರು.

"ಯಾವಾಗಿಂದ?"

"ನೀನು ಕಾಪಿ ತಂದ್ಕೊಟ್ಯಲ್ಲ, ಆವತ್ನಿಂದ. ಗೋಡೆ ಮ್ಯಾಗಿದ್ದ ಕಣ್ಣು ಲೋಟ ಹಿಡ್ಕಂಡು ಎದುರ್ಗೇ ಬಂದು ನಿಂತ್ಕಂತು."

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

"ಏನಂತ ಹೇಳ್ಲಿ? ಅವ್ರು ಕಣ್ಣು ಬಿಟ್ರೆ ಕೊಟ್ಟಿಗೇಲಿದ್ದ ದನಾನೂ ಮೇವು ಬುಡ್ತಿತ್ತು. ಊರಲ್ಲಿ ಯಾರೂ ಅವ್ರ ಮಖ ನೋಡಿ ಮಾತಾಡ್ತಿರ್ಲಿಲ್ಲ. ಮೂವತ್ತೈದು ವರ್ಸ ನಾನು ನೆಲ ನೋಡ್ಕಂಡೇ ಬಾಳಾಟ ಮಾಡ್ದೆ. ಆ ಕಣ್ಣು ಎಂಗಿದ್ವು ಅಂತ ಕೇಳುದ್ರೆ ನಂಗೂ ತಿಳೀದು. ಪೋಟ ಬಂದ ದಿನ ತಲೆ ಎತ್ತಿ ನೋಡ್ದೆ. ಅವ್ರ ಮಖದಾಗೆ ಯಾರ್ದೋ ಒಳ್ಳೆ ಕಣ್ಣು ಕೂತಿದ್ವು. ಆಮೇಲೆ ಅವ್ರ ಜೊತೆ ಮಾತಾಡಾಕೆ ಸುರು ಮಾಡ್ದೆ. ನಿನ್ನ ಒಪ್ಕಂಡಿದ್ದೂ ಅದ್ಕೇಯ."

ಹಾಗಾದರೆ ಇವರಿಗೆ ಮರೆವಿಲ್ಲ. ಇವರು ಯಾರನ್ನೂ ಯಾರೆಂದೂ ತಪ್ಪು ತಿಳಿದಿಲ್ಲ. "ಮತ್ತೆ ಸಂಜೆ ಹೊತ್ತು ನನ್ನ ನೋಡಿ ಮಾವ ಬಂದ್ರು ಅಂತ ಯಾಕೆ ಹೆದರ್ತೀರಿ?" ಎಂದು ಕೇಳಿದೆ. ಉತ್ತರ ಆಗಲೇ ಎದೆಗೆ ತಟ್ಟಿತ್ತು, ಆದರೂ ಕೇಳಿದೆ.

"ಮಾವ ಬಂದ್ರು ಅಂತ ನಾನ್ಯಾವಾಗ ಅಂದೆ? ನೀನೇ ಬರೋದು. ಗೋಡೆ ಮ್ಯಾಗಿನವು ಎಂಗಿದ್ವೋ ಅಂಗೇ ಅವೆ. ನಿನ್ನವು ಇಲ್ಲ. ಬಾಗ್ಲು ತಗ್ದು ನೀನು ಕಣ್ಣು ಬಿಡ್ತೀಯಲ್ಲ, ನಂಗೆ ಕೈಕಾಲೇ ಆಡಾಕಿಲ್ಲ. ಬಾಯಿ ತಾನೇ ಅಂಗಂತದೆ."

ನಾಚಿಕೆಗೋ ಭಯಕ್ಕೋ ನನಗೆ ಅಳು ಬಂತು. ಎದ್ದು ಮುಂದೆ ಬಂದು ಅವರೆದುರು ನೆಲದ ಮೇಲೆ ಕೂತೆ. "ಇನ್ಮೇಲೆ ಹಂಗೆ ಮಾಡಲ್ಲ. ಒಂದ್ಸಲ ನನ್ನ ಮುಖ ನೋಡಿ ಅತ್ತೆ" ಅಂದೆ.

"ಆಯ್ತು, ನೋಡ್ತೀನಿ ಬುಡಿ" ಅಂದರು. ಅರ್ಧ ಬಾಚಿದ ತಲೆಗೆ ಸೆರಗು ಎಳೆದುಕೊಂಡು, ನೆಲವನ್ನೇ ನೋಡುತ್ತಾ ಕೂತಿದ್ದರು.