ಪಾಡ್ಯದ ಹೋಳಿಗೆ

ಮುಡಬಿಯ ಮಚ್ಚೇಂದ್ರ ಜೀತದ ವರ್ಷಗಳನ್ನು ಹೋಳಿಗೆಯಲ್ಲಿ ಎಣಿಸುತ್ತಿದ್ದ. ಹತ್ತು ವರ್ಷದವನಿದ್ದಾಗ ಅಪ್ಪ ಅವನನ್ನು ಮಹಾರುದ್ರಪ್ಪನ ಮನೆಗೆ ಬಿಟ್ಟಿದ್ದ. ಪ್ರತಿ ಯುಗಾದಿ ಪಾಡ್ಯದಂದು ಧಣಿ ಒಂದು ಹೋಳಿಗೆ ಕೊಡುವನು. ಆಳು ತಿಂದರೆ ಇನ್ನೊಂದು ವರ್ಷ ನಿಂತ ಹಾಗೆ. ಊರಿಗೆ ಅಷ್ಟೇ ಸಾಕ್ಷಿ. ಮಚ್ಚೇಂದ್ರ ಇಪ್ಪತ್ತೆರಡು ಹೋಳಿಗೆ ತಿಂದಿದ್ದ.

೧೯೭೬ರ ಮಳೆಗಾಲದಲ್ಲಿ ಊರಿಗೆ ಸರಕಾರದ ಜೀಪು ಬಂತು. ಜೀತ ರದ್ದಾಗಿದೆ ಅಂದರು. ಬಸವಕಲ್ಯಾಣದ ಕಚೇರಿಯಲ್ಲಿ ಅವನ ಕೈಗೆ ಬಿಡುಗಡೆಯ ಕಾಗದ ಕೊಟ್ಟರು. ಅಂದಿನಿಂದ ದಿನಗೂಲಿ, ಮನಸ್ಸಿಗೆ ಬಂದವರ ಹೊಲ.

ಮರುವರ್ಷದ ಪಾಡ್ಯದ ದಿನ ಮೈ ತೊಳೆದುಕೊಂಡು ಬಂದರೆ ಹೊಸ್ತಿಲ ಮೇಲೆ ತಾಟು, ತಾಟಿನಲ್ಲಿ ತುಪ್ಪ ಸವರಿದ ಹೋಳಿಗೆ. ಹಸಿದಿದ್ದ. ಹೆಂಡತಿ ಸರುಬಾಯಿ ಇಟ್ಟಿದ್ದಾಳೆಂದು ತಿಂದ. ಕೊನೆಯ ತುತ್ತಿಗೆ ತಾಟು ಕಣ್ಣಿಗೆ ಬಿತ್ತು. ಅಂಚು ನೆಗ್ಗಿದ ಅಲ್ಯುಮಿನಿಯಂ ತಾಟು. ಧಣಿಯ ಕೊಟ್ಟಿಗೆಯ ಗೂಡಿನಲ್ಲಿ ಇಡುತ್ತಿದ್ದ ಆಳಿನ ತಾಟು. ಕೆಮ್ಮು ಬಂತು.

"ಯಾಕ, ಗಂಟಲಿಗಿ ಸಿಕ್ತೇನು?" ಒಳಗಿನಿಂದ ಸರುಬಾಯಿ ಕೇಳಿದಳು.

"ಧಣೇರ ಹೋಳಿಗಿ ತಿಂದುಬಿಟ್ಟೆ."

"ಬಿಡುಗಡಿ ಕಾಗದ ನಿಮ್ಮ ಕಡಿ ಅದ ಅಲ್ಲೇನು?"

"ಕಾಗದ ಸರಕಾರದ್ದು. ಹೋಳಿಗಿ ಊರಿಂದು."

ಸರುಬಾಯಿ ತಾಟು ತೊಳೆದು, ಹಂಚಿನ ಮೇಲಿದ್ದ ತನ್ನ ಹೋಳಿಗೆಯನ್ನು ಹಾಕಿಕೊಂಡು ಧಣಿಯ ಮನೆಗೆ ಹೊರಟಳು. ಮಚ್ಚೇಂದ್ರ ಕಾಲೆಳೆಯುತ್ತ ಹಿಂದೆ ಹೋದ.

ಮಹಾರುದ್ರಪ್ಪ ಕಟ್ಟೆಯ ಮೇಲೆ ನಾಲ್ಕು ಮಂದಿಯ ಜೊತೆ ಎಲೆಯಡಿಕೆ ಹಾಕುತ್ತ ಕೂತಿದ್ದ. "ತಿಂದಿ ಹೌದಿಲ್ಲೋ? ನಾಳಿ ನಸುಕಿನ್ಯಾಗ ಬಂದು ಎತ್ತಿಗಿ ಮೇವು ಹಾಕು," ಎಂದ, ನಗುತ್ತಲೇ.

ಮಚ್ಚೇಂದ್ರನ ಬಾಯಿಂದ "ಹೌದ್ರಿ" ಇನ್ನೇನು ಬೀಳುವುದರಲ್ಲಿತ್ತು. ಸರುಬಾಯಿ ತಾಟು ಮುಂದೆ ಹಿಡಿದಳು.

"ಹಬ್ಬದಾಗ ಬಂದ ತಾಟು ಬರಿದ ಕಳಸಬಾರದು ಧಣೇರ. ನಮ್ಮದೂ ತಿನ್ರಿ. ತಿಂದವರು ಆಳಾಗೂದು ಖರೇ ಇದ್ರ, ನೀವೂ ನಾಳಿ ನಸುಕಿನ್ಯಾಗ ನಮ್ಮನಿಗಿ ಬರ್ರಿ. ಎತ್ತಿಲ್ಲ, ಒಂದು ಆಡು ಅದ."

ಕಟ್ಟೆಯ ಮೇಲಿದ್ದ ಒಬ್ಬನಿಗೆ ಎಲೆಯ ರಸ ನೆತ್ತಿಗೇರಿತು. ಮಹಾರುದ್ರಪ್ಪನ ಕೈ ಮುಂದೆ ಬರಲಿಲ್ಲ.

ಒಳಗಿನಿಂದ ಅವನ ತಾಯಿ ತುಳಜಾಬಾಯಿ ಕೋಲೂರುತ್ತ ಬಂದಳು. ತಾಟು ನೋಡಿದಳು, ಮಗನನ್ನು ನೋಡಿದಳು. "ಹಬ್ಬದಾಗ ಕೊಟ್ಟಿಗಿ ತಾಟು ಕಳಿಸೀಯೇನೋ? ಶರಣರ ಕಲ್ಯಾಣದ ಮಗ್ಗಲಿಗೇ ಹುಟ್ಟಿ ಹಿಂಗ ಮಾಡ್ತಾರೇನು?"

ಹೋಳಿಗೆ ಮುರಿದು ಹಲ್ಲಿಲ್ಲದ ಬಾಯಿಗೆ ಹಾಕಿಕೊಂಡಳು.

"ಬೆಲ್ಲ ಕಡಿಮಿ ಬಿದ್ದದ, ಸರೂ. ಹಂಗಾರ ನಿಮ್ಮ ಆಡು ನಾಳಿಯಿಂದ ನಾ ಕಾಯ್ಲೇನು?"

ಕಟ್ಟೆಯವರೆಲ್ಲ ಗೊಳ್ಳೆಂದು ನಕ್ಕರು. ಮಹಾರುದ್ರಪ್ಪ ಎದ್ದು ಒಳಗೆ ಹೋದ. ಮಚ್ಚೇಂದ್ರ ರಸ್ತೆಯಲ್ಲೇ ಕೂತುಬಿಟ್ಟ. ನಗುತ್ತಿದ್ದ, ಕಣ್ಣೂ ಒರೆಸಿಕೊಳ್ಳುತ್ತಿದ್ದ. "ಏಳ್ರಿ, ಮಂದಿ ನೋಡಾಕತ್ತಾರ," ಎಂದು ಸರುಬಾಯಿ ರಟ್ಟೆ ಹಿಡಿದು ಎಬ್ಬಿಸಿದಳು.

ಆಮೇಲೆ ಯಾವ ಪಾಡ್ಯಕ್ಕೂ ಅವನು ಕೂಲಿಗೆ ಹೋಗಲಿಲ್ಲ. ಮನೆಯಲ್ಲಿ ಉಂಡು, ಬಿಳಿ ಅಂಗಿ ತೊಟ್ಟು, ಬಸ್ಸು ಹತ್ತಿ ಹುಮನಾಬಾದಿಗೆ ಹೋಗುವನು. ಅಲ್ಲಿ ಚಹಾ ಕುಡಿದು, ಬಂದು ಹೋಗುವವರನ್ನು ನೋಡುತ್ತ ಕೂತು, ಸಂಜೆಗೆ ಮರಳುವನು. ೧೯೮೫ರಲ್ಲಿ ಕಂಡಕ್ಟರನೊಬ್ಬ ಟಿಕೆಟ್ ಹರಿಯುತ್ತ ಕೇಳಿದ: "ಕಾಕಾ, ಪ್ರತಿ ವರ್ಷಾ ಹಬ್ಬದ ದಿನಾನೇ ಬರ್ತೀರಿ. ಹುಮನಾಬಾದದಾಗ ಅಂಥಾದ್ದೇನು ಕೆಲಸ?"

"ಏನೂ ಕೆಲಸಿಲ್ಲಪ್ಪ," ಎಂದ ಮಚ್ಚೇಂದ್ರ, ಕಿಟಕಿಯ ಕಡೆ ಸರಿದು ಕೂರುತ್ತ. "ಅದಕ್ಕೇ ಹೊಂಟೀನಿ."